ಏಕಾದಶಿಯ ದಿನ ಅಮ್ಮ ಕುಸಿದರು: ಉಪವಾಸ ಆರೋಗ್ಯಕ್ಕೆ ಒಳ್ಳೆಯದೋ, ಕೆಟ್ಟದ್ದೋ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಅಮ್ಮನಿಗೆ 67 ವರ್ಷ. ಶಿವಮೊಗ್ಗದಲ್ಲಿ ಒಬ್ಬರೇ ಇದ್ದಾರೆ, ನಾನು ಬೆಂಗಳೂರಿನಲ್ಲಿ. ಸಕ್ಕರೆ ಕಾಯಿಲೆ ಬಂದು 11 ವರ್ಷ, ಏಕಾದಶಿ ಉಪವಾಸ ಹಿಡಿದು 44 ವರ್ಷ. ಮದುವೆಯಾದ ವರ್ಷದಿಂದ ಒಂದೂ ತಪ್ಪಿಸಿಲ್ಲ ಎಂಬುದು ಅವರ ಹೆಮ್ಮೆ.

ಮೊನ್ನೆ ಏಕಾದಶಿಯ ದಿನ ನಾನು ಊರಿನಲ್ಲಿದ್ದೆ, ಅದೇ ಪುಣ್ಯ. ಬೆಳಿಗ್ಗೆ ಎಂಟಕ್ಕೆ ತೀರ್ಥ ತೆಗೆದುಕೊಂಡು ಅದರ ಜೊತೆಗೇ ಶುಗರ್ ಮಾತ್ರೆ ನುಂಗಿದರು. "ಮಾತ್ರೆ ಊಟವಲ್ಲವಲ್ಲ" ಎಂಬುದು ಅವರ ಲೆಕ್ಕ. ಹನ್ನೆರಡೂವರೆಯ ಹೊತ್ತಿಗೆ ದೇವರ ಮನೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದವರು ಇದ್ದಕ್ಕಿದ್ದಂತೆ "ಅಪ್ಪ ಬ್ಯಾಂಕಿನಿಂದ ಬಂದರೇನೇ?" ಎಂದು ಕೇಳಿದರು. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಹೋಗಿ ನೋಡಿದರೆ ರವಿಕೆ ಬೆವರಿಗೆ ಬೆನ್ನಿಗೆ ಅಂಟಿದೆ. ಕೈಯಲ್ಲಿ ಹತ್ತಿ ಇಲ್ಲ, ಆದರೂ ಅಂಗೈ ತೊಡೆಯ ಮೇಲೆ ಬತ್ತಿ ಹೊಸೆಯುತ್ತಲೇ ಇದೆ. ಎಬ್ಬಿಸಲು ಹೋದೆ, ಹಾಗೆಯೇ ಕುಸಿದರು. ಶುಗರ್ ಮೀಟರಿನಲ್ಲಿ 46 ಬಂತು. ಪಕ್ಕದ ಮನೆಯವರು ಓಡಿ ಬಂದು ಬಾಯಿಗೆ ಸಕ್ಕರೆ ನೀರು ಹಾಕಿದರು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಮರುದಿನದವರೆಗೆ ಇಟ್ಟುಕೊಂಡರು. ದ್ವಾದಶಿ ಪಾರಣೆ ಆಸ್ಪತ್ರೆಯ ಇಡ್ಲಿಯಲ್ಲಿ ಆಯಿತು.

ಡಾಕ್ಟರು "ಇನ್ನೊಂದು ಸಲ ಉಪವಾಸ ಅಂದರೆ ನನ್ನ ಹತ್ತಿರ ಬರಬೇಡಿ" ಎಂದು ಕೂಗಾಡಿದರು. ಅಮ್ಮ ಅವರ ಜೊತೆಗೂ ಮಾತಾಡಲಿಲ್ಲ, ನನ್ನ ಜೊತೆಗೂ ಮಾತಾಡುತ್ತಿಲ್ಲ. ಅತ್ತ ನನ್ನ ತಮ್ಮ ಉಪವಾಸಕ್ಕೆ ನೊಬೆಲ್ ಬಂದಿದೆ, ಶುಗರ್ ಬುಡಸಮೇತ ಹೋಗುತ್ತದೆ ಎಂಬ ವಿಡಿಯೊಗಳನ್ನು ಅಮ್ಮನಿಗೆ ಕಳಿಸುತ್ತಿದ್ದಾನೆ. ಯಾರನ್ನು ನಂಬಲಿ? ಮುಂದಿನ ಏಕಾದಶಿಗೆ ಇನ್ನು ಹನ್ನೆರಡು ದಿನ ಇದೆ.

ಒಗ್ಗರಣೆ
ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ, ನಾಲ್ಕು ಹೊತ್ತು ಉಂಡವನ ಹೊತ್ತುಕೊಂಡು ಹೋಗಿ. ಹಿರಿಯರು ಸುಮ್ಮನೆ ಹೇಳಲಿಲ್ಲ.

ಕೆರೆ ಏರಿ
ಒಂದೂ ಹೊತ್ತು ಉಣ್ಣದವರನ್ನೇ ಇಲ್ಲಿ ಹೊತ್ತುಕೊಂಡು ಹೋಗಿದ್ದಾರೆ, ಒಗ್ಗರಣೆಯವರೇ. ಪೂರ್ತಿ ಓದಿ ಬರೆಯಿರಿ.

ಔಷಧದಂಗಡಿ
ತುಂಗಾತೀರ ಅವರೇ, ಒಳ್ಳೆಯದೋ ಕೆಟ್ಟದ್ದೋ ಆಮೇಲೆ ನೋಡೋಣ. ಅಮ್ಮ ನುಂಗಿದ ಮಾತ್ರೆ ಯಾವುದು? ಪಟ್ಟಿಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿ ಹೇಳಿ. ಹೆಸರಿನ ಕೊನೆಯಲ್ಲಿ ಎಂ1 ಅಥವಾ ಎಂ2 ಎಂದು ಇದೆಯೇ?

ಹಳೇ ಅಗ್ರಹಾರ
ಡಾಕ್ಟರು ಹಾಗೆ ಕೂಗಾಡಬಾರದಿತ್ತು. 67ರ ಹೆಂಗಸಿಗೆ ಮಗುವಿಗೆ ಗದರಿದಂತೆ ಗದರಿದರೆ ಮುಂದಿನ ಸಲ ಉಪವಾಸ ಬಿಡುವುದಿಲ್ಲ, ಡಾಕ್ಟರಿಗೆ ಹೇಳುವುದನ್ನು ಬಿಡುತ್ತಾರೆ.

ತುಂಗಾತೀರ
ಹೌದು ಸರ್, ಎಂ2. ಬೆಳಿಗ್ಗೆ ಒಂದು, ರಾತ್ರಿ ಒಂದು. ಹಿಂದೆ ಗ್ಲಿಮೆಪಿರೈಡ್ 2 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500 ಎಂದಿದೆ. ಬಿಪಿಗೆ ಮೆಟೊಪ್ರೊಲಾಲ್ ಬೇರೆ ಇದೆ.

ಔಷಧದಂಗಡಿ
ಅಂದುಕೊಂಡೆ. 22 ವರ್ಷದಿಂದ ಅಂಗಡಿಯಲ್ಲಿ ಕುಳಿತಿದ್ದೇನೆ, ಶಿವರಾತ್ರಿ, ವೈಕುಂಠ ಏಕಾದಶಿ, ರಂಜಾನ್ ಬಂದರೆ ಈ ಕಥೆ ಕೇಳುತ್ತಲೇ ಇರುತ್ತೇನೆ.

ಅದು ಒಂದು ಮಾತ್ರೆ ಅಲ್ಲ, ಒಂದರೊಳಗೆ ಎರಡು. ಮೆಟ್‌ಫಾರ್ಮಿನ್ ಸಾಧು. ಯಕೃತ್ತು ಹೊರಬಿಡುವ ಸಕ್ಕರೆಯನ್ನು ತಗ್ಗಿಸುತ್ತದೆ, ಅದೊಂದರಿಂದಲೇ ಸಕ್ಕರೆ ಪಾತಾಳಕ್ಕೆ ಬೀಳುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಅದು ಮೇದೋಜ್ಜೀರಕ ಗ್ರಂಥಿಯ ಬೆನ್ನು ಹತ್ತಿ ಇನ್ಸುಲಿನ್ ಸುರಿಸುತ್ತದೆ. ನೀವು ಉಂಡಿದ್ದೀರೋ ಇಲ್ಲವೋ ಅದಕ್ಕೆ ಬೇಕಿಲ್ಲ. ಖಾಲಿ ಹೊಟ್ಟೆಗೆ ಅದನ್ನು ಕೊಟ್ಟರೆ ಬರುವ ಇನ್ಸುಲಿನ್ ರಕ್ತದಲ್ಲಿ ಇದ್ದಬದ್ದ ಸಕ್ಕರೆಯನ್ನೂ ಬಾಚಿಕೊಂಡು ಹೋಗುತ್ತದೆ. ಅಮ್ಮನನ್ನು ಬೀಳಿಸಿದ್ದು ಏಕಾದಶಿ ಒಂದೇ ಅಲ್ಲ, ಏಕಾದಶಿಯ ಜೊತೆ ಎಂ2.

ಇನ್ನು ಮೆಟೊಪ್ರೊಲಾಲ್. ಸಕ್ಕರೆ ಇಳಿದಾಗ ಕೈ ನಡುಗುತ್ತದೆ, ಎದೆ ಢವಢವ ಎನ್ನುತ್ತದೆ. ಅದೇ ನಮಗೆ ಸಿಗುವ ಮೊದಲ ಎಚ್ಚರಿಕೆ. ಈ ಬಗೆಯ ಬಿಪಿ ಮಾತ್ರೆ ಆ ಎರಡನ್ನೂ ಮುಚ್ಚಿಹಾಕಬಹುದು. ಬೆವರು ಮಾತ್ರ ಉಳಿಯುತ್ತದೆ. ಅದಕ್ಕೇ ಅಮ್ಮನಿಗೆ ಮೊದಲೇ ಗೊತ್ತಾಗಿಲ್ಲ.

70ಕ್ಕಿಂತ ಕೆಳಗೆ ಹೋದರೆ, ನುಂಗಲು ಬರುವಷ್ಟು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಇನ್ನೂ ಏರದಿದ್ದರೆ ಮತ್ತೊಮ್ಮೆ. ಆದರೆ ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸನಾಳಕ್ಕೆ ಹೋದರೆ ಇನ್ನೊಂದು ಅನಾಹುತ. ಪಕ್ಕದ ಮನೆಯವರ ಮನಸ್ಸು ಒಳ್ಳೆಯದು, ಪುಣ್ಯಕ್ಕೆ ಏನೂ ಆಗಲಿಲ್ಲ. ಆಸ್ಪತ್ರೆಯವರು ರಾತ್ರಿಯಿಡೀ ಇಟ್ಟುಕೊಂಡದ್ದು ಬಿಲ್ಲಿಗಲ್ಲ. ಈ ಮಾತ್ರೆಯ ಪ್ರಭಾವ ದಿನವಿಡೀ ಇರುವುದರಿಂದ ಒಮ್ಮೆ ಏರಿದ ಸಕ್ಕರೆ ಮತ್ತೆ ಬೀಳಬಹುದು.

ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳಿ.

ತುಂಗಾತೀರ
11 ವರ್ಷದಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ಅಮ್ಮನೂ ಕೇಳಿರಲಿಲ್ಲ ಅನ್ನಿ.

ಬೆಳಗಿನ ಓಟ
ಮಾತ್ರೆಯೇ ವಿಲನ್ ಎಂದು ಒಪ್ಪಿಕೊಂಡಿದ್ದಕ್ಕೆ ಧನ್ಯವಾದ. ನಾನು 14 ತಿಂಗಳಿಂದ 16:8 ಮಾಡುತ್ತಿದ್ದೇನೆ. ಮಧ್ಯಾಹ್ನ 12ರಿಂದ ರಾತ್ರಿ 8ರ ಒಳಗೆ ಊಟ, ಉಳಿದ 16 ಗಂಟೆ ನೀರು, ಕಪ್ಪು ಕಾಫಿ. 11 ಕೆಜಿ ಇಳಿದಿದ್ದೇನೆ. ಹಳೆಯ ಪ್ಯಾಂಟುಗಳನ್ನೆಲ್ಲ ಕೊಟ್ಟುಬಿಟ್ಟೆ. ಉಪವಾಸದಲ್ಲಿ ದೇಹದ ಕೋಶಗಳು ತಮ್ಮ ಕಸವನ್ನು ತಾವೇ ತಿಂದು ಶುದ್ಧವಾಗುತ್ತವೆ, ಆಟೊಫೇಜಿ ಎನ್ನುತ್ತಾರೆ. 2016ರ ನೊಬೆಲ್ ಬಂದದ್ದು ಇದಕ್ಕೇ. ನಮ್ಮ ಋಷಿಗಳು ಸಾವಿರಾರು ವರ್ಷ ಮೊದಲೇ ಕಂಡುಕೊಂಡದ್ದನ್ನು ಜಪಾನಿನವರು ಈಗ ಹೇಳಿದರು. ಲಂಘನಂ ಪರಮೌಷಧಂ.

ಸೂಕ್ಷ್ಮದರ್ಶಕ
11 ಕೆಜಿಗೆ ಅಭಿನಂದನೆ. ನೊಬೆಲ್ ವಿಷಯದಲ್ಲಿ ತಿದ್ದುಪಡಿ.

ಯೊಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ಆಟೊಫೇಜಿ ಹೇಗೆ ನಡೆಯುತ್ತದೆ, ಯಾವ ಜೀನುಗಳು ಅದನ್ನು ನಡೆಸುತ್ತವೆ ಎಂದು ಕಂಡುಹಿಡಿದದ್ದಕ್ಕೆ. ಅವರು ಕೆಲಸ ಮಾಡಿದ್ದು ಯೀಸ್ಟ್ ಮೇಲೆ, ಅಂದರೆ ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಶಿಲೀಂಧ್ರದ ಮೇಲೆ. ಯೀಸ್ಟನ್ನು ಹಸಿವೆಗೆ ಹಾಕಿದ್ದು ನಿಜ. ಆದರೆ ಹದಿನಾರು ಗಂಟೆ ಹಸಿದ ಮನುಷ್ಯನಿಗೆ ಏನಾಗುತ್ತದೆ ಎಂದು ಅವರು ಪರೀಕ್ಷಿಸಲಿಲ್ಲ. ನಿಮ್ಮ ಪಿತ್ತಜನಕಾಂಗದಲ್ಲಿ ಇವತ್ತು ಎಷ್ಟು ಆಟೊಫೇಜಿ ಆಯಿತು ಎಂದು ಹೇಳುವ ರಕ್ತಪರೀಕ್ಷೆ ಯಾವ ಲ್ಯಾಬಿನಲ್ಲೂ ಸಿಗುವುದಿಲ್ಲ. ವಿಡಿಯೊದವರು ಮಾತ್ರ "16ನೇ ಗಂಟೆಗೆ ಆರಂಭ" ಎಂದು ಗಡಿಯಾರ ಹಿಡಿದು ಹೇಳುತ್ತಾರೆ.

ತೂಕದ ವಿಷಯ. 2022ರಲ್ಲಿ ಚೀನಾದ ಗ್ವಾಂಗ್‌ಝೌನಲ್ಲಿ ನಡೆದ ಪ್ರಯೋಗದ ಫಲಿತಾಂಶ ಬಂತು. 139 ಜನ ಸ್ಥೂಲಕಾಯದವರು, ಒಂದು ವರ್ಷ. ಎಲ್ಲರಿಗೂ ಊಟದ ಕ್ಯಾಲೊರಿ ಕಡಿಮೆ ಮಾಡಿದರು. ಅರ್ಧ ಜನ ಬೆಳಿಗ್ಗೆ 8ರಿಂದ ಸಂಜೆ 4ರ ಒಳಗೆ ಮಾತ್ರ ತಿನ್ನಬೇಕು, ಉಳಿದವರು ಯಾವಾಗ ಬೇಕಾದರೂ. ವರ್ಷದ ಕೊನೆಗೆ ಮೊದಲ ಗುಂಪು ಸರಾಸರಿ 8 ಕೆಜಿ ಇಳಿದಿತ್ತು, ಎರಡನೆಯದು 6.3. ಆ ಅಂತರ ಲೆಕ್ಕಕ್ಕೆ ಸಿಗುವಷ್ಟು ದೊಡ್ಡದಲ್ಲ. ಕೆಲಸ ಮಾಡಿದ್ದು ಗಡಿಯಾರಕ್ಕಿಂತ ತಟ್ಟೆ. ನೀವು ರಾತ್ರಿ ಹತ್ತರ ಮಿಕ್ಸ್ಚರ್, ಬೆಳಗಿನ ಮಸಾಲೆ ದೋಸೆ ಬಿಟ್ಟಿರಿ, ಇಳಿದಿರಿ.

ಬೆಳಗಿನ ಓಟ
ಮಸಾಲೆ ದೋಸೆಯ ವಿಷಯ ನಿಮಗೆ ಹೇಗೆ ಗೊತ್ತು?

ಸೂಕ್ಷ್ಮದರ್ಶಕ
ನಾನೂ ಬೆಂಗಳೂರಿನವನೇ.

ಬೆಳಗಿನ ಓಟ
ಇರಲಿ. ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೆರಿ 1965ರಿಂದ 66ರವರೆಗೆ 382 ದಿನ ಊಟವಿಲ್ಲದೆ ಇದ್ದ. 207 ಕೆಜಿಯಿಂದ 82 ಕೆಜಿಗೆ ಬಂದ. ಬದುಕಿದ. ಇವರ ಅಮ್ಮನಿಗೆ ವೈದ್ಯರ ಭಯ ಬಿಟ್ಟು ಏಳು ದಿನ ನೀರಿನ ಉಪವಾಸ ಮಾಡಿಸಿದರೆ ಸಕ್ಕರೆ ಕಾಯಿಲೆಯೇ ಇರುವುದಿಲ್ಲ.

ಔಷಧದಂಗಡಿ
ದಯವಿಟ್ಟು ಈ ಮಾತನ್ನು ಅಳಿಸಿ. ಮೊನ್ನೆ ತಾನೆ 46 ಆಗಿದ್ದವರ ಮಗಳು ಇದನ್ನು ಓದುತ್ತಿದ್ದಾಳೆ.

ಸೂಕ್ಷ್ಮದರ್ಶಕ
ಅಳಿಸುವುದು ಬೇಡ, ಉತ್ತರ ಇರಲಿ.

ಬಾರ್ಬಿಯೆರಿ ಅಲ್ಲಿನ ಡಂಡೀ ಊರಿನ ವೈದ್ಯರ ನಿಗಾದಲ್ಲಿದ್ದ. ವಿಟಮಿನ್ ಕೊಡುತ್ತಿದ್ದರು, ಬೇಕಾದಾಗ ಪೊಟ್ಯಾಸಿಯಂ, ಸೋಡಿಯಂ ಕೊಡುತ್ತಿದ್ದರು, ಮೇಲಿಂದ ಮೇಲೆ ರಕ್ತ ಪರೀಕ್ಷೆ. 125 ಕೆಜಿ ಕೊಬ್ಬಿನ ಉಗ್ರಾಣ ಮೈಮೇಲೆ ಇದ್ದ 27ರ ಹುಡುಗ ಅವನು. ಆ ಕಾಲದಲ್ಲಿ ಹಾಗೆಯೇ ದೀರ್ಘ ಉಪವಾಸ ಮಾಡಿಸಿದ ಕೆಲವರು ಸತ್ತದ್ದೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಅವರ ವಿಡಿಯೊ ಯಾರೂ ಮಾಡುವುದಿಲ್ಲ.

ದೀರ್ಘ ಉಪವಾಸದಲ್ಲಿ ಹಸಿವೆಯಷ್ಟೇ ಅಲ್ಲ, ಆಮೇಲಿನ ಊಟವೂ ಅಪಾಯ. ಬಹಳ ದಿನ ಹಸಿದವರಿಗೆ ಒಮ್ಮೆಲೇ ಹೊಟ್ಟೆತುಂಬ ಬಡಿಸಿದರೆ ಇನ್ಸುಲಿನ್ ಏರಿ, ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ ಕೋಶಗಳ ಒಳಗೆ ನುಗ್ಗುತ್ತವೆ. ಹೃದಯದ ಬಡಿತ ತಪ್ಪುತ್ತದೆ. ಎರಡನೇ ಮಹಾಯುದ್ಧದ ಕೊನೆಗೆ ಬಿಡುಗಡೆಯಾದ, ಹಸಿದು ಕಂಗಾಲಾಗಿದ್ದ ಕೈದಿಗಳು ಉಂಡ ಮೇಲೆ ಸತ್ತಾಗ ಡಾಕ್ಟರುಗಳು ಇದನ್ನು ಕಣ್ಣಾರೆ ಕಂಡರು. ಹದಿನೈದು ದಿನಕ್ಕೊಂದು ಏಕಾದಶಿಗೂ ಇದಕ್ಕೂ ಸಂಬಂಧವಿಲ್ಲ, ಯಾರೂ ಹೆದರಬೇಡಿ.

ಸಕ್ಕರೆ ಕಾಯಿಲೆ ಹಿಂದೆ ಸರಿಯುವುದು ಮಾತ್ರ ಸುಳ್ಳಲ್ಲ. ಬ್ರಿಟನ್ನಿನ "ಡೈರೆಕ್ಟ್" ಎಂಬ ಹೆಸರಿನ ಪ್ರಯೋಗದಲ್ಲಿ ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರ ಕೊಟ್ಟು, ಮೊದಲ ದಿನವೇ ಸಕ್ಕರೆ ಮಾತ್ರೆ ನಿಲ್ಲಿಸಿ, ಮೂರರಿಂದ ಐದು ತಿಂಗಳು ನಡೆಸಿದರು. ವರ್ಷದ ಕೊನೆಗೆ 46 ಶೇಕಡಾ ಜನರಿಗೆ ಮಾತ್ರೆಯಿಲ್ಲದೆ ಸಕ್ಕರೆ ಹತೋಟಿಯಲ್ಲಿತ್ತು. ಆದರೆ ಅವರೆಲ್ಲ ಕಾಯಿಲೆ ಬಂದು ಆರು ವರ್ಷದ ಒಳಗಿನವರು, ತೂಕ ಹೆಚ್ಚಿದ್ದವರು, ಮತ್ತು ಅದು ಉಪವಾಸವಲ್ಲ, ಅಳೆದು ಕೊಟ್ಟ ಆಹಾರ. ನಮ್ಮ ಅಮ್ಮಂದಿರಲ್ಲಿ ಎಷ್ಟೋ ಜನ ಮೊದಲೇ 48 ಕೆಜಿ.

ತುಂಗಾತೀರ
ನಮ್ಮಮ್ಮ 51.

ಅಡುಗೆಮನೆ
ಎಲ್ಲರೂ ವಿಜ್ಞಾನ ಮಾತಾಡುತ್ತಿದ್ದೀರಿ, ನಾನು ಒಲೆಯ ಮುಂದಿನ ಸತ್ಯ ಹೇಳುತ್ತೇನೆ. ನಮ್ಮ ಅತ್ತೆಯ "ಉಪವಾಸ": ಬೆಳಿಗ್ಗೆ ಹಾಲು, ಎರಡು ಬಾಳೆಹಣ್ಣು. ಹತ್ತಕ್ಕೆ ಸಜ್ಜಿಗೆ. ಮಧ್ಯಾಹ್ನ ಸಬ್ಬಕ್ಕಿ ಉಪ್ಪಿಟ್ಟು, ಮೇಲೆ ಕಡಲೆಬೀಜ. ನಾಲ್ಕಕ್ಕೆ ಆಲೂಗಡ್ಡೆ ಬೋಂಡ. ರಾತ್ರಿ "ಏನೂ ಬೇಡಮ್ಮ, ಹೊಟ್ಟೆ ಭಾರ" ಎಂದು ಅವಲಕ್ಕಿ ಮೊಸರು. ಏಕಾದಶಿ ದಿನ ಮನೆಯಲ್ಲಿ ಉಳಿದ ದಿನಕ್ಕಿಂತ ಹೆಚ್ಚು ಎಣ್ಣೆ ಖರ್ಚಾಗುತ್ತದೆ.

ಹಳೇ ಅಗ್ರಹಾರ
ಸಜ್ಜಿಗೆ ಎಂದರೆ ರವೆ, ರವೆ ಎಂದರೆ ಗೋಧಿ, ಗೋಧಿ ಎಂದರೆ ಧಾನ್ಯ. ಅವಲಕ್ಕಿ ಎಂದರೆ ಭತ್ತ. ಇದು ಏಕಾದಶಿಯೇ ಅಲ್ಲ.

ಅಡುಗೆಮನೆ
ನಿಮ್ಮ ಮನೆಯಲ್ಲಿ ಅಲ್ಲ, ನಮ್ಮ ಮನೆಯಲ್ಲಿ ಹೌದು. ನಾವು ಸ್ಮಾರ್ತರು, ಅನ್ನ ಬಿಟ್ಟರೆ ಫಲಾಹಾರ.

ಕೆರೆ ಏರಿ
ಫಲಾಹಾರ ಎಂಬ ಪದದಲ್ಲಿ "ಫಲ" ಎಲ್ಲಿ ಬಿದ್ದುಹೋಯಿತು ಎಂದು ನನಗೂ ಅನುಮಾನ. ನಮ್ಮೂರ ಹೋಟೆಲಿನಲ್ಲಿ "ಫಲಾಹಾರ ಮಂದಿರ" ಎಂದು ಬೋರ್ಡು, ಒಳಗೆ ಬರೀ ಪೂರಿ ಸಾಗು.

ಸೂಕ್ಷ್ಮದರ್ಶಕ
ಸಬ್ಬಕ್ಕಿಯ ಬಗ್ಗೆ ಒಂದು ಮಾತು, ಯಾಕೆಂದರೆ ಸಕ್ಕರೆ ಕಾಯಿಲೆಯವರು ಇದನ್ನು ಹಗುರ ಎಂದು ತಿಳಿಯುತ್ತಾರೆ. 100 ಗ್ರಾಂ ಒಣ ಸಬ್ಬಕ್ಕಿಯಲ್ಲಿ 85 ಗ್ರಾಮಿಗೂ ಹೆಚ್ಚು ಪಿಷ್ಟ, ಪ್ರೋಟೀನ್ ಒಂದು ಗ್ರಾಂ ಕೂಡ ಇಲ್ಲ. ಅನ್ನಕ್ಕಿಂತ ಏನೂ ಸಾಧುವಲ್ಲ, ಸಕ್ಕರೆಯನ್ನು ಸರ್ರನೆ ಏರಿಸುತ್ತದೆ. ಇನ್ನೊಂದು ತಮಾಷೆ: ಇದು ಮರಗೆಣಸಿನಿಂದ ಬರುವುದು, ಮರಗೆಣಸು ದಕ್ಷಿಣ ಅಮೆರಿಕದ್ದು. ತಿರುವಾಂಕೂರಿನಲ್ಲಿ ಮಹಾರಾಜ ವಿಶಾಖಂ ತಿರುನಾಳ್ 19ನೇ ಶತಮಾನದ ಕೊನೆಯಲ್ಲಿ ಅದನ್ನು ಬೆಳೆಯಲು ಪ್ರೋತ್ಸಾಹಿಸಿದರು. ಕಡಲೆಬೀಜ, ಆಲೂಗಡ್ಡೆ, ಹಸಿಮೆಣಸಿನಕಾಯಿ, ಎಲ್ಲವೂ ಆ ಕಡೆಯವೇ. ಏಕಾದಶಿಯ ತಟ್ಟೆಯಲ್ಲಿ ಕೊಲಂಬಸ್ ಕುಳಿತಿದ್ದಾನೆ.

ಹಳೇ ಅಗ್ರಹಾರ
ಅದಕ್ಕೇ ನಾವು ಏನನ್ನೂ ತಿನ್ನುವುದಿಲ್ಲ.

ಬಿಸಿಲೂರು
ಕಲಬುರಗಿಯಿಂದ. ನಮ್ಮ ಮನೆಯಲ್ಲಿಯೂ ಇದೇ ಜಗಳ ನಡೆದಿತ್ತು, ತಿಂಗಳು ಬೇರೆ ಅಷ್ಟೇ. 2019ರಲ್ಲಿ ರಂಜಾನ್ ಮೇ ತಿಂಗಳಲ್ಲಿ ಬಂದಿತ್ತು. ನಮ್ಮ ಬಿಸಿಲು ಗೊತ್ತಲ್ಲ, 42 ಡಿಗ್ರಿ. ಅಬ್ಬಾಗೆ ಆಗ 61, ಶುಗರ್ ಇತ್ತು, ರೋಜಾ ಬಿಡುವ ಮಾತೇ ಇಲ್ಲ. ನೀರೂ ಇಲ್ಲ ಎಂಬುದನ್ನು ಮರೆಯಬೇಡಿ.

ನಮ್ಮ ಡಾಕ್ಟರು ಕೂಗಾಡಲಿಲ್ಲ. ರಂಜಾನಿಗೆ ಒಂದು ತಿಂಗಳ ಮೊದಲೇ ಬನ್ನಿ ಎಂದಿದ್ದರು. ಬೆಳಗಿನ ಮಾತ್ರೆಯನ್ನು ಇಫ್ತಾರಿಗೆ ಸರಿಸಿದರು, ಸಹರಿಯ, ಅಂದರೆ ನಸುಕಿನ ಊಟದ ಹೊತ್ತಿನ, ಮಾತ್ರೆಯ ಪ್ರಮಾಣ ಇಳಿಸಿದರು, ಇನ್ನೊಂದು ಮಾತ್ರೆಯನ್ನೇ ಬದಲಿಸಿದರು. 70ಕ್ಕಿಂತ ಕೆಳಗೆ ಬಂದರೆ ಅಥವಾ 300 ದಾಟಿದರೆ ಆ ಕ್ಷಣವೇ ರೋಜಾ ಬಿಡಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಬೆರಳು ಚುಚ್ಚಿ ನೋಡಿದರೆ ರೋಜಾ ಮುರಿಯುತ್ತದೆಯೇ ಎಂದು ಅಬ್ಬಾ ಮಸೀದಿಯಲ್ಲಿ ಕೇಳಿ ಬಂದರು, ಮುರಿಯುವುದಿಲ್ಲ ಎಂದರು. ಹನ್ನೊಂದನೇ ದಿನ ಮಧ್ಯಾಹ್ನ 64 ಬಂತು. ಅಬ್ಬಾ ಅಳುತ್ತ ಖರ್ಜೂರ ತಿಂದರು. ಆ ದಿನವನ್ನು ಆಮೇಲೆ ಚಳಿಗಾಲದಲ್ಲಿ ತೀರಿಸಿದರು. ಹಗಲು ಚಿಕ್ಕದು, ಬಾಯಾರಿಕೆಯೂ ಕಡಿಮೆ.

ಔಷಧದಂಗಡಿ
ಇದು ಮಾಡಬೇಕಾದ ಕ್ರಮ. ರಂಜಾನ್ ಉಪವಾಸದ ಬಗ್ಗೆ ಅಧ್ಯಯನ ಆಗಿರುವಷ್ಟು ನಮ್ಮ ಏಕಾದಶಿ, ಸಂಕಷ್ಟಿಯ ಬಗ್ಗೆ ಆಗಿಲ್ಲ. 2001ರಲ್ಲಿ 13 ದೇಶಗಳ 12 ಸಾವಿರಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರನ್ನು ನೋಡಿದಾಗ, ಆಸ್ಪತ್ರೆಗೆ ಸೇರುವಷ್ಟು ಸಕ್ಕರೆ ಇಳಿಯುವುದು ರಂಜಾನಿನಲ್ಲಿ ಟೈಪ್ 2ರವರಲ್ಲಿ ಏಳೂವರೆ ಪಟ್ಟು ಹೆಚ್ಚಿತ್ತು. ಆಮೇಲೆ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದವರು ಯಾರಿಗೆ ಅಪಾಯ ಎಷ್ಟು, ಯಾವ ಮಾತ್ರೆಗೆ ಏನು ಮಾಡಬೇಕು ಎಂದು ಮಾರ್ಗಸೂಚಿಯನ್ನೇ ತಂದರು. ತುಂಗಾತೀರ ಅವರೇ, ನಿಮ್ಮ ಡಾಕ್ಟರಿಗೆ ಅದರ ಬಗ್ಗೆ ಹೇಳಿ. ದೇವರು ಬೇರೆ ಇರಬಹುದು, ಗ್ಲಿಮೆಪಿರೈಡ್ ಒಂದೇ.

ಹೆಸರು "ಗ್ಲಿಫ್ಲೋಜಿನ್" ಎಂದು ಮುಗಿಯುವ ಮಾತ್ರೆ ಇರುವವರು ಇನ್ನೂ ಎಚ್ಚರ. ಅವು ಮೂತ್ರದಲ್ಲಿ ಸಕ್ಕರೆಯನ್ನು ಹೊರಹಾಕುತ್ತವೆ, ಜೊತೆಗೆ ನೀರೂ ಹೋಗುತ್ತದೆ. ನಿರ್ಜಲ ಉಪವಾಸ ಮಾಡಿದರೆ ಮೀಟರಿನಲ್ಲಿ ಸಕ್ಕರೆ ಸುಮಾರಾಗಿಯೇ ಇದ್ದರೂ ಒಳಗೆ ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ಏರಿ ರಕ್ತ ಆಮ್ಲೀಯವಾಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ "ಪಿತ್ತ" ಎಂದು ಶುಂಠಿ ಕಷಾಯ ಕುಡಿಸುತ್ತ ಕೂರಬೇಡಿ.

ಫಿಲ್ಟರ್ ಕಾಫಿ
ನನಗೆ ಸಕ್ಕರೆ ಇಲ್ಲ, ಬಿಪಿ ಇಲ್ಲ, ವಯಸ್ಸು 38. ಉಪವಾಸದ ದಿನ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದೆ. ಹಸಿವೆಗೆ ತಲೆನೋವು ಬರುವುದು ಎಲ್ಲರಿಗೂ ಇದೆಯೇ?

ಸೂಕ್ಷ್ಮದರ್ಶಕ
ನಿಮ್ಮ ಹೆಸರಿನಲ್ಲೇ ಉತ್ತರ ಇದೆ. ದಿನಾ ನಾಲ್ಕು ಲೋಟ ಕುಡಿಯುವವರಿಗೆ ಕಾಫಿ ನಿಂತ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ. ಯಹೂದಿಗಳು ವರ್ಷಕ್ಕೊಮ್ಮೆ ಯೋಮ್ ಕಿಪ್ಪುರ್ ದಿನ 25 ಗಂಟೆ ಉಪವಾಸ ಮಾಡುತ್ತಾರೆ, ಇಸ್ರೇಲಿನ ವೈದ್ಯರು ಆ ದಿನದ ತಲೆನೋವನ್ನೇ ಹಿಡಿದು ಅಧ್ಯಯನ ಮಾಡಿದ್ದಾರೆ. ಕಾಫಿಯೊಂದೇ ಕಾರಣವಲ್ಲ, ನೀರಿನ ಕೊರತೆ, ಬರೀ ಹಸಿವೆ ಕೂಡ. ಮೈಗ್ರೇನ್ ಇರುವವರಿಗೆ ಇನ್ನೂ ಕಷ್ಟ. ಮೂರು ದಿನ ಮೊದಲಿಂದ ಲೋಟ ಕಡಿಮೆ ಮಾಡುತ್ತ ಬನ್ನಿ.

ಫಿಲ್ಟರ್ ಕಾಫಿ
ಉಪವಾಸವನ್ನೇ ಬಿಡುತ್ತೇನೆ, ಅದು ಸುಲಭ.

ಔಷಧದಂಗಡಿ
ತಲೆನೋವೆಂದು ಖಾಲಿ ಹೊಟ್ಟೆಗೆ ನೋವಿನ ಮಾತ್ರೆ ನುಂಗಿ ಆಮೇಲೆ ಎದೆಯುರಿ ಎಂದು ಬರುವವರಿಗೆ ನನ್ನ ಅಂಗಡಿಯಲ್ಲಿ ಪ್ರತ್ಯೇಕ ಸಾಲೇ ಇದೆ.

ಕಬ್ಬಿನ ಗದ್ದೆ
ನಾವು ಬೆಳಗಾವಿ ಕಡೆಯ ಜೈನರು. ಸೂರ್ಯ ಮುಳುಗಿದ ಮೇಲೆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಜ್ಜಿ ಐದೂವರೆಗೆ ಭಾಂಡೆ ತೊಳೆದು ಬೋರಲು ಹಾಕಿಬಿಡುತ್ತಿದ್ದರು. ಸಣ್ಣವನಿದ್ದಾಗ ಗೆಳೆಯರ ಮನೆಗೆ ಹೋಗಿ ಕದ್ದು ಉಂಡಿದ್ದೇನೆ. ಈಗ ಮಗ ಪುಣೆಯಿಂದ ಬಂದು "ಅಪ್ಪಾ, ಟೈಮ್ ರಿಸ್ಟ್ರಿಕ್ಟೆಡ್ ಈಟಿಂಗ್ ಮಾಡುತ್ತಿದ್ದೇನೆ" ಎಂದು ದೊಡ್ಡ ಸುದ್ದಿ ಹೇಳಿದಂತೆ ಹೇಳುತ್ತಾನೆ. ಅದಕ್ಕೆ ಮೊಬೈಲಿನಲ್ಲಿ ದುಡ್ಡು ಕೊಟ್ಟು ಒಂದು ಆ್ಯಪ್!

ಸೂಕ್ಷ್ಮದರ್ಶಕ
ನಿಮ್ಮ ಅಜ್ಜಿಯ ಪರ ಒಂದು ಸಣ್ಣ ಸಾಕ್ಷ್ಯ ಇದೆ. 2018ರಲ್ಲಿ ಅಮೆರಿಕದಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಎಂಟು ಗಂಡಸರು ಮಧ್ಯಾಹ್ನ ಮೂರರೊಳಗೆ ದಿನದ ಊಟವೆಲ್ಲ ಮುಗಿಸುವಂತೆ ಐದು ವಾರ ಮಾಡಿದರು. ತೂಕ ಇಳಿಯದಂತೆ ನೋಡಿಕೊಂಡರೂ ಇನ್ಸುಲಿನ್ ಕೆಲಸ ಮಾಡುವ ರೀತಿ ಸುಧಾರಿಸಿತ್ತು, ಬಿಪಿಯೂ ಇಳಿದಿತ್ತು. ಎಂಟೇ ಜನ, ಮರೆಯಬೇಡಿ. ಬೆಳಗಿನ ತಿಂಡಿ ಬಿಟ್ಟು ರಾತ್ರಿ ಗಡದ್ದಾಗಿ ಉಣ್ಣುವ ಪಟ್ಟಣದ 16:8 ಇದರ ತಲೆಕೆಳಗು.

ಕೆರೆ ಏರಿ
ಎಂಟು ಗಂಟೆಯೊಳಗೆ ಉಣ್ಣುವವರು ಹೃದಯ, ರಕ್ತನಾಳದ ಕಾಯಿಲೆಯಿಂದ ಸಾಯುತ್ತಾರೆ ಎಂದು 2024ರಲ್ಲಿ ಪತ್ರಿಕೆಯಲ್ಲಿ ಬಂದಿತ್ತಲ್ಲ? ಸಾಧ್ಯತೆ 91 ಶೇಕಡಾ ಹೆಚ್ಚು ಎಂದು.

ಸೂಕ್ಷ್ಮದರ್ಶಕ
ಬಂದಿತ್ತು. ಸಮ್ಮೇಳನದಲ್ಲಿ ಓದಿದ ಆರಂಭಿಕ ವರದಿ ಅದು. ಸುಮಾರು 20 ಸಾವಿರ ಅಮೆರಿಕನ್ನರನ್ನು ಎರಡು ದಿನ ಏನು ತಿಂದಿರಿ ಎಂದು ಕೇಳಿ, ಮುಂದೆ ಎಷ್ಟೋ ವರ್ಷಗಳ ಸಾವನ್ನು ಅದಕ್ಕೆ ತಾಳೆ ಹಾಕಿದರು. ಒಬ್ಬ ಕಾಯಿಲೆ ಬಿದ್ದು ಊಟ ಸೇರದೆ ಎಂಟು ಗಂಟೆಯೊಳಗೆ ಉಂಡಿದ್ದರೂ ಅದೇ ಲೆಕ್ಕಕ್ಕೆ ಬೀಳುತ್ತಾನೆ. ಉಪವಾಸದಿಂದಲೇ ಸತ್ತರು ಎಂದು ಅದರಿಂದ ಹೇಳಲು ಬರುವುದಿಲ್ಲ. ಬೆಳಗಿನ ಓಟದವರೇ, ಖುಷಿಪಡಿ, ಈ ಸಲ ನಿಮ್ಮ ಪಕ್ಷ.

ಬೆಳಗಿನ ಓಟ
ಧನ್ಯವಾದ. ನೀರಿನ ಉಪವಾಸದ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಮಾತ್ರೆಯ ವಿಷಯ ನನಗೆ ಗೊತ್ತಿರಲಿಲ್ಲ.

ಸಂಕಷ್ಟಿ ಸೊಸೆ
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಒಂದು ಪ್ರಶ್ನೆ. ಈ ಉಪವಾಸ ಮಾಡುವವರು ಯಾರು? ನಮ್ಮ ಮನೆಯಲ್ಲಿ ಸೋಮವಾರ ಗಂಡನ ಆಯುಷ್ಯಕ್ಕೆ, ಸಂಕಷ್ಟಿ ಮಗನ ಪರೀಕ್ಷೆಗೆ, ಶನಿವಾರ ಮನೆಯ ಸಾಲಕ್ಕೆ. ಮೂರನ್ನೂ ಮಾಡುವವಳು ನಾನು. ಅವತ್ತೂ ಬೆಳಿಗ್ಗೆ ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟುತ್ತೇನೆ. ಹಸಿದ ಹೊಟ್ಟೆಯಲ್ಲಿ ಒಗ್ಗರಣೆ ಹಾಕುವಾಗ ಬರುವ ಇಂಗಿನ ವಾಸನೆಯ ಬಗ್ಗೆ ಯಾರಾದರೂ ಅಧ್ಯಯನ ಮಾಡಿದ್ದರೆ ಹೇಳಿ.

ಮೂರು ವರ್ಷ ಹಾಗೆ ನಡೆಸಿದ ಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 8.1. ಕೇಂದ್ರ ಸರ್ಕಾರದ 2019ರಿಂದ 21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57 ಶೇಕಡಾ ಜನರಿಗೆ ರಕ್ತಹೀನತೆ ಎಂದಿದೆ. ಎಲ್ಲದಕ್ಕೂ ಉಪವಾಸವೇ ಕಾರಣ ಎನ್ನುತ್ತಿಲ್ಲ. ಉಳಿದ ದಿನ ಕೊನೆಗೆ ಉಳಿದದ್ದನ್ನು ಉಣ್ಣುವವರು ವಾರಕ್ಕೆ ಮೂರು ದಿನ ಅದನ್ನೂ ಬಿಟ್ಟರೆ ರಕ್ತ ಎಲ್ಲಿಂದ ಬರಬೇಕು? ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರು. ನಾನು ಶನಿವಾರವನ್ನು ಗಂಡನಿಗೆ ವಹಿಸಿದೆ. ಸಾಲ ಅವರ ಹೆಸರಿನಲ್ಲೇ ಇದೆ.

ಅಡುಗೆಮನೆ
ಎದ್ದು ನಿಂತು ಚಪ್ಪಾಳೆ. ಅವರು ಮಾಡುತ್ತಿದ್ದಾರೆಯೇ?

ಸಂಕಷ್ಟಿ ಸೊಸೆ
ಎರಡು ಶನಿವಾರ ಮಾಡಿದರು. ಮೂರನೆಯದಕ್ಕೆ ಗ್ಯಾಸ್ಟ್ರಿಕ್ ಬಂತು.

ಒಗ್ಗರಣೆ
ಗಾಂಧೀಜಿ 73ನೇ ವಯಸ್ಸಿನಲ್ಲಿ 21 ದಿನ ಬರೀ ನೀರು ಕುಡಿದು ಇದ್ದರು. ನಮಗೆ ಒಂದು ದಿನಕ್ಕೆ ಗ್ಯಾಸ್ಟ್ರಿಕ್.

ಹಳೇ ಅಗ್ರಹಾರ
1943ರ ಫೆಬ್ರವರಿಯಲ್ಲಿ ಆಗಾಖಾನ್ ಅರಮನೆಯಲ್ಲಿ ಮಾಡಿದ್ದು ಅದು. ಬರೀ ನೀರಲ್ಲ, ನೀರಿನಲ್ಲಿ ಮೂಸಂಬಿಯಂಥ ಹಣ್ಣಿನ ರಸ ಬೆರೆಸಿದ್ದರು. ಸುತ್ತ ಡಾಕ್ಟರುಗಳ ದಂಡೇ ಇತ್ತು. 1952ರಲ್ಲಿ ಪ್ರತ್ಯೇಕ ಆಂಧ್ರ ರಾಜ್ಯಕ್ಕಾಗಿ ಉಪವಾಸ ಕೂತ ಪೊಟ್ಟಿ ಶ್ರೀರಾಮುಲು 58 ದಿನಕ್ಕೆ ತೀರಿಕೊಂಡರು. ಸತ್ಯಾಗ್ರಹವನ್ನು ಆರೋಗ್ಯದ ಚರ್ಚೆಗೆ ತರಬೇಡಿ, ಅವರು ತೂಕ ಇಳಿಸಲು ಕೂತವರಲ್ಲ.

ತುಂಗಾತೀರ ಅವರಿಗೆ ನನ್ನ ಕಡೆಯಿಂದ ಒಂದು. ನಮ್ಮ ತಂದೆ ಪೌರೋಹಿತ್ಯ ಮಾಡುತ್ತಿದ್ದರು. ಕಾಯಿಲೆಯವರು ಕೇಳಲು ಬಂದರೆ ಒಂದು ಶ್ಲೋಕ ಹೇಳುತ್ತಿದ್ದರು, ಮಹಾಭಾರತದ್ದು: "ಅಷ್ಟೌ ತಾನ್ಯವ್ರತಘ್ನಾನಿ ಆಪೋ ಮೂಲಂ ಫಲಂ ಪಯಃ, ಹವಿರ್ಬ್ರಾಹ್ಮಣಕಾಮ್ಯಾ ಚ ಗುರೋರ್ವಚನಮೌಷಧಮ್." ವ್ರತವನ್ನು ಕೆಡಿಸದ ಎಂಟು ವಸ್ತುಗಳು ಇವೆ. ನೀರು, ಗೆಡ್ಡೆ, ಹಣ್ಣು, ಹಾಲು ಅದರಲ್ಲಿ ಸೇರಿವೆ, ಕೊನೆಯದು ಔಷಧ. ಅಮ್ಮನಿಗೆ ಡಾಕ್ಟರ ಮಾತು ರುಚಿಸದಿದ್ದರೆ ಇದನ್ನು ಓದಿ ಹೇಳಿ. ಹಣ್ಣು ಹಾಲು ತೆಗೆದುಕೊಂಡರೆ 44 ವರ್ಷದ ಲೆಕ್ಕ ತಪ್ಪುವುದಿಲ್ಲ.

ಕೆರೆ ಏರಿ
80 ದಾಟಿದವರಿಗೆ ಏಕಾದಶಿಯೇ ಕಡ್ಡಾಯವಲ್ಲ ಎಂದೂ ಶಾಸ್ತ್ರದಲ್ಲಿ ಇದೆಯಲ್ಲ?

ಹಳೇ ಅಗ್ರಹಾರ
ಇದೆ, ಎಂಟರಿಂದ ಎಂಬತ್ತು. ಆದರೆ ಅದನ್ನು ಹೇಳಿದರೆ ಅವರಮ್ಮ "ನನಗಿನ್ನೂ 67" ಎನ್ನುತ್ತಾರೆ. ಶ್ಲೋಕವೇ ವಾಸಿ.

ತುಂಗಾತೀರ
ಹದಿಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ನಿನ್ನೆ ಏಕಾದಶಿ ಆಯಿತು.

ಶ್ಲೋಕವನ್ನು ಫೋನಿನಲ್ಲಿ ಓದಿದೆ. ನನ್ನ ಉಚ್ಚಾರಣೆಯನ್ನು ಎರಡು ಕಡೆ ತಿದ್ದಿದರು, ಅಲ್ಲಿಗೆ ಮೌನ ಮುರಿಯಿತು. ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ಕೇಳಿದ್ದು "ತಿಂಗಳಿಗೆ ಎಷ್ಟು ಉಪವಾಸ, ನೀರು ಕುಡಿಯುತ್ತೀರಾ?" ಎಂದು. ಎರಡು ಔಷಧ ಸೇರಿದ ಮಾತ್ರೆಯನ್ನು ಬಿಡಿಸಿ ಬೇರೆ ಬೇರೆ ಬರೆದರು. ಏಕಾದಶಿಯ ದಿನ ಗ್ಲಿಮೆಪಿರೈಡ್ ಬೇಡ, ನೀರು ಬಿಡಬಾರದು, ಮೂರು ಹೊತ್ತು ಹಾಲು ಅಥವಾ ಹಣ್ಣು, ನಾಲ್ಕು ಸಲ ಪರೀಕ್ಷೆ. ಇದು ನಮ್ಮಮ್ಮನಿಗೆ ಹೇಳಿದ್ದು, ನಿಮ್ಮವರಿಗೆ ಇದನ್ನೇ ಮಾಡಬೇಡಿ.

ಅಮ್ಮ ಅಂಕಿಗಳನ್ನು ಪಂಚಾಂಗದ ಅಂಚಿನಲ್ಲಿ, ತಿಥಿಯ ಪಕ್ಕದಲ್ಲೇ ಬರೆದಿದ್ದಾರೆ: 118, 97, 104, 131. ಹಾಲು ಕುಡಿದದ್ದಕ್ಕೆ ಮುಖ ಸ್ವಲ್ಪ ಸಪ್ಪಗಿತ್ತು. "ಪೂರ್ತಿ ಮಾಡಿದಂತೆ ಅನ್ನಿಸುವುದಿಲ್ಲ" ಎಂದರು. ರಾತ್ರಿ ತಮ್ಮ ಮತ್ತೊಂದು ವಿಡಿಯೊ ಕಳಿಸಿದ್ದ. ಅಮ್ಮ ಅದಕ್ಕೆ ಉತ್ತರವಾಗಿ ಮೀಟರಿನ ಫೋಟೊ ಕಳಿಸಿದ್ದಾರೆ, ಬೇರೆ ಒಂದು ಅಕ್ಷರವೂ ಇಲ್ಲ.

ಔಷಧದಂಗಡಿ
97 ನೋಡಿ ನಿದ್ದೆ ಬಂತು. ಮೀಟರಿನ ಪರೀಕ್ಷಾ ಪಟ್ಟಿಗಳ ಡಬ್ಬಿ ತೆಗೆದ ಮೇಲೆ ಮುಚ್ಚಳ ಬಿಗಿಯಾಗಿ ಹಾಕಲು ಹೇಳಿ, ಶಿವಮೊಗ್ಗದ ತೇವಕ್ಕೆ ಕೆಡುತ್ತವೆ.

ಹಳೇ ಅಗ್ರಹಾರ
ಇವತ್ತು ಪಾರಣೆಗೆ ಏನು ಮಾಡಿದರು?

ತುಂಗಾತೀರ
ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ, ಹೆಸರುಬೇಳೆ ತೊವ್ವೆ. ಬೆಳಿಗ್ಗೆ ಏಳೂಕಾಲಕ್ಕೇ ಎಲೆ ಹಾಕಿದ್ದರಂತೆ.

ಫಿಲ್ಟರ್ ಕಾಫಿ
ಬೆಂಗಳೂರಿನಲ್ಲಿ ಅಗಸೆ ಸೊಪ್ಪು ಎಲ್ಲಿ ಸಿಗುತ್ತದೆ? ನಮ್ಮ ಬೀದಿಯ ಸೊಪ್ಪಿನವಳು ನುಗ್ಗೆ ಸೊಪ್ಪು ಕೊಟ್ಟು ಇದೇ ಅದು ಎನ್ನುತ್ತಾಳೆ.

ಅಡುಗೆಮನೆ
ಗಾಂಧಿಬಜಾರಿನಲ್ಲಿ ದ್ವಾದಶಿಯ ಹಿಂದಿನ ಸಂಜೆ ಹೋಗಿ. ಮರುದಿನ ಹೋದರೆ ಇರುವುದಿಲ್ಲ.